ಬಂಡೆಗೆ ಬಡಿದ ಹಳೆ ಔಟ್‌ಬೋರ್ಡ್: ಗೇರ್‌ಕೇಸ್ ರಿಪೇರಿ ಮಾಡಬಹುದಾ, ಬಿಸಾಡಬೇಕಾ?

ಅಳಿವೆಬಾಗಿಲು · ಏಪ್ರಿಲ್ 12

ಎಲ್ಲರಿಗೂ ನಮಸ್ಕಾರ. ನಮ್ಮದು ಗಂಗೊಳ್ಳಿ ಹತ್ತಿರ. ಅಪ್ಪನದೊಂದು ನಾಡದೋಣಿ, ಅದಕ್ಕೆ ಹಿಂದೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್, 9.9 ಎಚ್‌ಪಿಯ ಹಳೆ ಯಮಹಾ, ಟೂ ಸ್ಟ್ರೋಕ್, ಸೀಮೆಎಣ್ಣೆಯದ್ದು. ನಾನು ಬೆಂಗಳೂರಲ್ಲಿ ಕೆಲಸ ಮಾಡುವವನು, ಊರಿಗೆ ಬಂದಾಗ ಮಾತ್ರ ಎಂಜಿನ್ ಮುಟ್ಟುತ್ತೇನೆ. ಹೋದ ವಾರ ಅಪ್ಪ ಅಳಿವೆ ದಾಟಿ ಒಳಗೆ ಬರುವಾಗ ಇಳಿತದ ಹೊತ್ತು, ನೀರು ಕಮ್ಮಿ, ಎಂಜಿನ್ ಎತ್ತುವಷ್ಟರಲ್ಲಿ ಕೆಳಗಿನ ಬಂಡೆಗೆ ಹೊಡೆದಿದೆ.

ಫ್ಯಾನಿನ (ದೋಣಿ ತಳ್ಳುವ ಪ್ರೊಪೆಲ್ಲರ್) ಕೆಳಗೆ ಒಂದು ರೆಕ್ಕೆ ಇರುತ್ತಲ್ಲ, ಸ್ಕೆಗ್ ಅಂತಾರೆ, ಅದು ಅರ್ಧಕ್ಕೆ ಮುರಿದಿದೆ. ಫ್ಯಾನಿನ ಒಂದು ಎಲೆ ಮಡಚಿದೆ. ಅದನ್ನು ತಿರುಗಿಸುವ ಗೇರುಗಳು ಇರುವ ಪೆಟ್ಟಿಗೆಯೇ ಗೇರ್‌ಕೇಸ್. ಗೇರ್‌ಕೇಸಿನ ಕೆಳಗಿನ ಸ್ಕ್ರೂ ಬಿಚ್ಚಿ ನೋಡಿದರೆ ಎಣ್ಣೆ ಹಾಲು ಜಾಸ್ತಿಯಾದ ಚಹಾದ ಹಾಗೆ ಬರುತ್ತಿದೆ. ಎಂಜಿನ್ ಮಾತ್ರ ಸ್ಟಾರ್ಟ್ ಆಗುತ್ತೆ, ಗೇರ್ ಬೀಳುತ್ತೆ.

ನನ್ನ ಪ್ಲಾನ್ ಏನಂದ್ರೆ, ಗೇರ್‌ಕೇಸ್ ಹಾಗೇ ತಗೊಂಡು ಹೋಗಿ ಸ್ಕೆಗ್ ವೆಲ್ಡ್ ಮಾಡಿಸಿ, ಹೊಸ ಎಣ್ಣೆ ಹಾಕಿ ಮುಚ್ಚಿಬಿಡುವುದು. ಸರಿಯಾ? ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳಿಗೆ ಮೀನುಗಾರಿಕೆ ರಜೆ, 10 ಎಚ್‌ಪಿ ಒಳಗಿನ ನಾಡದೋಣಿಗೆ ಮಾತ್ರ ಅವಕಾಶ. ಅಪ್ಪನಿಗೆ ವರ್ಷದ ದುಡಿಮೆ ಅಂದ್ರೆ ಆ ಎರಡು ತಿಂಗಳು. ಅಷ್ಟರಲ್ಲಿ ಮುಗಿಯಬೇಕು.

ತಲೆಹರಟೆ_ಕುಂದಾಪ್ರ · ಏಪ್ರಿಲ್ 12

ಹೊಸದು ತಗೊಳ್ಳಿ ಮಾರಾಯ್ರೆ. ಅಷ್ಟು ಹಳೆ ಎಂಜಿನ್‌ಗೆ ಖರ್ಚು ಮಾಡುವುದು ಅಂದ್ರೆ ಮುದಿ ಎತ್ತಿಗೆ ಹೊಸ ಲಾಳ ಹೊಡೆಸಿದ ಹಾಗೆ.

ಮಲ್ಪೆ_ಸ್ಪ್ಯಾನರ್ · ಏಪ್ರಿಲ್ 12

ಮೇಲಿನವರ ಮಾತು ಬಿಡಿ, ಅವರು ಎಲ್ಲದಕ್ಕೂ ಹೊಸದು ತಗೊಳ್ಳಿ ಅಂತಲೇ ಹೇಳುವುದು. ಹಳೆ ಟೂ ಸ್ಟ್ರೋಕ್ ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಆದರೆ ನಿಮ್ಮ ಪ್ಲಾನ್ ಪೂರ್ತಿ ತಪ್ಪು, ದಯವಿಟ್ಟು ಹಾಗೆ ಮಾಡಬೇಡಿ.

ಸ್ಕೆಗ್ ಮುರಿದದ್ದು ಕಣ್ಣಿಗೆ ಕಾಣುತ್ತೆ, ಅದಕ್ಕೇ ನಿಮಗೆ ಅದೇ ದೊಡ್ಡದು ಅನಿಸಿದೆ. ಅದು ಬರೀ ರೆಕ್ಕೆ, ಅರ್ಧ ಸ್ಕೆಗ್ಗಲ್ಲೂ ದೋಣಿ ಓಡುತ್ತೆ, ತಿರುಗಿಸುವಾಗ ಸ್ವಲ್ಪ ಜಾರಿದ ಹಾಗೆ ಆಗಬಹುದು ಅಷ್ಟೇ. ನಿಮ್ಮ ನಿಜವಾದ ಕಾಯಿಲೆ ಆ ಹಾಲಿನ ಬಣ್ಣದ ಎಣ್ಣೆ. ಒಳಗೆ ನೀರು ಹೋಗಿದೆ ಅಂತ ಅರ್ಥ. ಉಪ್ಪು ನೀರು ಎಣ್ಣೆ ಜೊತೆ ಕಲಸಿ ಬೇರಿಂಗ್ ಮೇಲೆ ಕೂತರೆ, ಎಂಜಿನ್ ಓಡಿಸದೇ ಮೂಲೆಯಲ್ಲಿಟ್ಟರೂ ತುಕ್ಕು ತಿನ್ನುತ್ತಾ ಹೋಗುತ್ತೆ. ಹಾಗಾಗಿ ಇವತ್ತೇ ಆ ಎಣ್ಣೆ ಪೂರ್ತಿ ಸುರಿಯಿರಿ, ಒಳಗೆ ಸ್ವಲ್ಪ ಡೀಸೆಲ್ ಹಾಕಿ ಶಾಫ್ಟ್ ಕೈಯಲ್ಲಿ ತಿರುಗಿಸಿ, ಅದನ್ನೂ ಸುರಿದು ಬೇರೆ ಎಣ್ಣೆ ತುಂಬಿಡಿ. ಆಮೇಲೆ ಬಿಚ್ಚುವ ಮಾತು.

ನೀರು ಎಲ್ಲಿಂದ ಹೋಯ್ತು ಅಂತ ಗೊತ್ತಾಗದೆ ವೆಲ್ಡಿಂಗ್ ಅಂಗಡಿ ಮೆಟ್ಟಿಲು ಹತ್ತಬೇಡಿ. ನೀರು ಒಳಗೆ ಬರುವ ದಾರಿಗಳು ಕೆಲವೇ. ಫ್ಯಾನ್ ಶಾಫ್ಟಿನ ಸೀಲ್ (ನೀರು ತಡೆಯುವ ರಬ್ಬರ್ ಬಳೆ), ವಾಟರ್ ಪಂಪಿನ ಕೆಳಗೆ ಎಂಜಿನ್ನಿಂದ ಇಳಿಯುವ ಡ್ರೈವ್ ಶಾಫ್ಟಿನ ಸೀಲ್, ಗೇರ್ ಹಾಕುವ ಕಡ್ಡಿಯ ಸೀಲ್, ಎರಡು ಸ್ಕ್ರೂಗಳ ವಾಶರು, ಬೇರಿಂಗ್ ಕ್ಯಾಪಿನ ಓ-ರಿಂಗ್. ಇವೆಲ್ಲ ಸರಿ ಇದ್ದೂ ನೀರು ಹೋಗುತ್ತಿದ್ದರೆ ಕೇಸೇ ಸೀಳಿದೆ ಅಂತ ಲೆಕ್ಕ.

ಇನ್ನೊಂದು. ಫ್ಯಾನ್ ತೆಗೆದು, ಪ್ಲಗ್ಗಿನ ವೈರ್ ಕಿತ್ತು, ನ್ಯೂಟ್ರಲ್‌ನಲ್ಲಿ ಶಾಫ್ಟನ್ನು ಕೈಯಲ್ಲಿ ತಿರುಗಿಸಿ. ಪಕ್ಕದಲ್ಲಿ ಒಂದು ತಂತಿ ಕಟ್ಟಿ ಅದರ ತುದಿ ಶಾಫ್ಟಿಗೆ ತಾಗೀತು ತಾಗದು ಅನ್ನುವಷ್ಟು ಹತ್ತಿರ ಇಡಿ. ತಿರುಗಿಸುವಾಗ ಮಧ್ಯದ ಸಂದು ಹೆಚ್ಚು ಕಮ್ಮಿ ಆದರೆ ಶಾಫ್ಟ್ ಬಾಗಿದೆ. ಬಾಗಿದ ಶಾಫ್ಟಿಗೆ ಎಷ್ಟು ಹೊಸ ಸೀಲ್ ಹಾಕಿದರೂ ತಿಂಗಳಲ್ಲಿ ತಿಂದು ಹಾಕುತ್ತೆ.

ಅಳಿವೆಬಾಗಿಲು · ಏಪ್ರಿಲ್ 13

ಥ್ಯಾಂಕ್ಸ್ ಅಣ್ಣ. ತಂತಿ ಕಟ್ಟಿ ನೋಡಿದೆ, ಕಣ್ಣಿಗೆ ಕಾಣುವ ಹಾಗೆ ಏನೂ ಅಲ್ಲಾಡುತ್ತಿಲ್ಲ. ಎಣ್ಣೆ ಸುರಿದೆ, ಸುಮಾರು ಕಾಲು ಲೀಟರ್ ಬಂತು. ಕೆಳಗಿನ ಸ್ಕ್ರೂವಿನ ತುದಿಯಲ್ಲಿ ಅಯಸ್ಕಾಂತ ಇದೆ, ಅದಕ್ಕೆ ಬೂದು ಬಣ್ಣದ ಕೆಸರು ಅಂಟಿದೆ. ಅದು ಗೇರ್ ಸವೆದದ್ದಾ?

ಮಲ್ಪೆ_ಸ್ಪ್ಯಾನರ್ · ಏಪ್ರಿಲ್ 13

ಬೆರಳಲ್ಲಿ ಉಜ್ಜಿ ನೋಡಿ. ವಿಭೂತಿ ಹಾಗೆ ನುಣ್ಣಗಿದ್ದರೆ ಮಾಮೂಲು, ಎಲ್ಲ ಗೇರೂ ಅಷ್ಟು ಸವೆಯುತ್ತೆ. ಚುಚ್ಚುವ ಚೂರು, ಹಲ್ಲಿನ ತುಂಡು ಸಿಕ್ಕರೆ ಮಾತ್ರ ಹೆದರಬೇಕು.

ಹತ್ತುಸಾವಿರಕೆರೆ · ಏಪ್ರಿಲ್ 13

ನಾನು ಅಮೆರಿಕದ ಮಿನ್ನೆಸೋಟದಲ್ಲಿ ಇರುವವನು, ಮೂಲ ಭಟ್ಕಳ. ಇಲ್ಲಿ ಹಳೆ ಔಟ್‌ಬೋರ್ಡ್ ರಿಪೇರಿ ಮಾಡುವುದೇ ಜನಕ್ಕೆ ಒಂದು ಹುಚ್ಚು, ನನಗೂ ಹಿಡಿದಿದೆ. ನನ್ನ ಹತ್ತಿರ ಅರವತ್ತರ ದಶಕದ ಒಂದು ಜಾನ್ಸನ್ ಇದೆ. ಇಲ್ಲಿ ಗೇರ್‌ಕೇಸ್ ಹಾಳಾಗುವ ರೀತಿಯೇ ಬೇರೆ. ಬೇಸಿಗೆಯಲ್ಲಿ ಸೀಲ್ ಮೂಲಕ ಸ್ವಲ್ಪ ನೀರು ಹೋಗಿರುತ್ತೆ, ಯಾರೂ ಎಣ್ಣೆ ಬದಲಿಸುವುದಿಲ್ಲ, ಎಂಜಿನ್ ಗ್ಯಾರೇಜಲ್ಲಿ ನಿಲ್ಲಿಸಿರುತ್ತಾರೆ. ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗಿ, ಬಂಡೆಯನ್ನೇ ನೋಡದ ಗೇರ್‌ಕೇಸ್ ನಿಂತಲ್ಲೇ ಸೀಳುತ್ತೆ. ನನ್ನದೂ ಹಾಗೇ ಒಂದು ಹೋಯ್ತು.

ನಿಮ್ಮ ಎಂಜಿನ್ನಿನ ಫ್ಯಾನಿಗೆ ಶಿಯರ್ ಪಿನ್ನಾ ಅಥವಾ ಒಳಗೆ, ಏಟು ಬಿದ್ದರೆ ಜಾರುವ ರಬ್ಬರ್ ಹಬ್ಬಾ? ಪಿನ್ ಇರುವ ಹಳೆ ಎಂಜಿನ್‌ನಲ್ಲಿ ಕಲ್ಲಿಗೆ ಹೊಡೆದಾಗ ಪಿನ್ ಮುರಿದು ಗೇರ್ ಉಳಿಯುತ್ತೆ, ಅದು ಮುರಿಯಲಿ ಅಂತಲೇ ಮೆತ್ತಗಿನ ಲೋಹದಲ್ಲಿ ಮಾಡಿರುತ್ತಾರೆ. ನಾನು ಒಂದು ಸೆಕೆಂಡ್ ಹ್ಯಾಂಡ್ ಎಂಜಿನ್ ತಂದಾಗ ಅದರಲ್ಲಿ ಪಿನ್ ಬದಲು ಸ್ಟೀಲಿನ ಬೋಲ್ಟ್ ತುಂಡು ಹಾಕಿದ್ದರು. ಹಿಂದಿನ ಮಾಲೀಕ ತನ್ನನ್ನು ಭಾರಿ ಜಾಣ ಅಂದುಕೊಂಡಿರಬೇಕು. ಒಳಗೆ ಗೇರ್ ಹಲ್ಲು ಎರಡು ಇರಲಿಲ್ಲ.

ಅಳಿವೆಬಾಗಿಲು · ಏಪ್ರಿಲ್ 13

ರಬ್ಬರ್ ಹಬ್ ಇದೆ ಸರ್. ಹೊಡೆದಾಗ ಅದು ಜಾರಿರಬಹುದು. ಒಂದು ಕಡೆ ಗುರುತು ಹಾಕಿ ನೋಡುತ್ತೇನೆ.

ಅಳಿವೆಬಾಗಿಲು · ಏಪ್ರಿಲ್ 19

ಶನಿವಾರ ರಾತ್ರಿ ಬಸ್ಸಿಗೆ ಬಂದು ಭಾನುವಾರ ಪೂರ್ತಿ ಕೂತೆ. ಗೇರ್‌ಕೇಸ್ ಹಿಡಿದಿರುವ ನಾಲ್ಕು ಬೋಲ್ಟಲ್ಲಿ ಎರಡು ಬಂತು, ಮೂರನೆಯದು ಗೊಣಗಿಕೊಂಡು ಬಂತು, ನಾಲ್ಕನೆಯದು ತಲೆ ಮುರಿದು ಒಳಗೇ ಕೂತಿದೆ. ಈಗ ಎಂತ ಮಾಡುವುದು?

ಅರ್ಗಾನ್_ಕಾರವಾರ · ಏಪ್ರಿಲ್ 19

ಸ್ಟೇನ್‌ಲೆಸ್ ಬೋಲ್ಟ್, ಸುತ್ತ ಅಲ್ಯುಮಿನಿಯಂ, ಮಧ್ಯ ಉಪ್ಪು ನೀರು. ಅದು ಸಣ್ಣ ಬ್ಯಾಟರಿಯೇ, ಅಲ್ಯುಮಿನಿಯಂ ಕರಗಿ ಬಿಳಿ ಪುಡಿಯಾಗಿ ಬೋಲ್ಟ್ ಸುತ್ತ ಸಿಮೆಂಟ್ ಹಾಕಿದ ಹಾಗೆ ಕೂರುತ್ತೆ. ಜೋರು ಮಾಡಬೇಡಿ. ಬೋಲ್ಟಿನ ಸುತ್ತಲಿನ ಅಲ್ಯುಮಿನಿಯಂ ಬಿಸಿ ಮಾಡಿ, ಅದು ಸ್ಟೀಲಿಗಿಂತ ಜಾಸ್ತಿ ಹಿಗ್ಗುತ್ತೆ. ತುಕ್ಕು ಬಿಡಿಸುವ ಎಣ್ಣೆ ಬಿಡಿ, ಒಂದು ರಾತ್ರಿ ಬಿಡಿ, ಮತ್ತೆ ಬಿಸಿ ಮಾಡಿ. ಎಣ್ಣೆ ಬಿಟ್ಟ ಮೇಲೆ ಬಿಸಿ ಮಾಡುವಾಗ ಬೆಂಕಿ ಹುಷಾರು, ಹೀಟ್ ಗನ್ ಸಾಕು. ಮುರಿದ ತುಂಡು ಸ್ವಲ್ಪ ಹೊರಗಿದ್ದರೆ ಅದರ ಮೇಲೆ ಒಂದು ನಟ್ ಇಟ್ಟು ಒಳಗಿಂದ ವೆಲ್ಡ್ ಮಾಡಿಸಿ, ಆ ಬಿಸಿಗೇ ಅರ್ಧ ಸಡಿಲ ಆಗಿರುತ್ತೆ. ಏನೂ ಆಗದಿದ್ದರೆ ಸರಿಯಾಗಿ ನಡುಮಧ್ಯಕ್ಕೆ ಡ್ರಿಲ್ ಹಾಕಿ ಹೆಲಿಕಾಯಿಲ್ (ಹೊಸ ಥ್ರೆಡ್ ಕೊಡುವ ತಂತಿ ಸುರುಳಿ) ಕೂರಿಸಬೇಕು.

ಮಲ್ಪೆ_ಸ್ಪ್ಯಾನರ್ · ಏಪ್ರಿಲ್ 19

ಮತ್ತೆ, ಬೋಲ್ಟ್ ಎಲ್ಲ ಬಂದ ಕೂಡಲೇ ಎಳೆಯಬೇಡಿ! ಗೇರ್ ಕಡ್ಡಿಯ ಜೋಡಣೆ ಮೊದಲು ಬಿಡಿಸಬೇಕು. ಅದು ಬಿಡಿಸದೆ ಸುತ್ತಿಗೆಯಲ್ಲಿ ಹೊಡೆದು ಎಳೆದು ಕಡ್ಡಿ ಬಗ್ಗಿಸಿಕೊಂಡು ಬರುವವರು ವರ್ಷಕ್ಕೆ ನಾಲ್ಕು ಜನ.

ಅಳಿವೆಬಾಗಿಲು · ಏಪ್ರಿಲ್ 27

ನಟ್ ವೆಲ್ಡ್ ಮಾಡಿಸಿದ್ದು ಕೆಲಸ ಮಾಡಿತು. ಕಡ್ಡಿ ಬಿಡಿಸಿದೆ. ಗೇರ್‌ಕೇಸ್ ಕೈಗೆ ಬಂತು. ಈಗ ಕೇಳಿ ಕತೆ.

ಫ್ಯಾನಿನ ಹಿಂದೆ ದಪ್ಪ ವಾಶರ್ ಇರುತ್ತಲ್ಲ, ಅದನ್ನು ತೆಗೆದರೆ ಒಳಗೆ ನೈಲಾನ್ ದಾರ. ಸ್ವಲ್ಪ ಅಲ್ಲ, ಬಲೆ ಹರಿದಾಗ ಸುತ್ತಿಕೊಂಡ ದಾರ ಬಿಸಿಗೆ ಕರಗಿ ಬಳೆಯ ಹಾಗೆ ಗಟ್ಟಿಯಾಗಿ ಕೂತಿದೆ. ಚಾಕುವಲ್ಲಿ ಕುಯ್ದು ತೆಗೆಯಬೇಕಾಯ್ತು. ಅದರ ಹಿಂದಿನ ಸೀಲಿನ ತುಟಿ ಪೂರ್ತಿ ಹರಿದಿದೆ. ಬೇರಿಂಗ್ ಕ್ಯಾಪ್ ಬಿಚ್ಚಿ ನೋಡಿದರೆ ಹಿಂದಿನ ಬೇರಿಂಗಲ್ಲಿ ಅರ್ಧಕ್ಕೆ ಒಂದು ತುಕ್ಕಿನ ಗೆರೆ, ಎಂಜಿನ್ ನಿಂತಾಗ ನೀರು ಎಲ್ಲಿವರೆಗೆ ಇತ್ತೋ ಅಲ್ಲಿಗೆ ಸರಿಯಾಗಿ.

ಇದು ಮೊನ್ನೆ ಮೊನ್ನೆಯ ಬಂಡೆಯಿಂದ ಆಗುವ ತುಕ್ಕಲ್ಲ ಅಲ್ವಾ? ಅಪ್ಪನನ್ನು ಕೇಳಿದೆ. "ಎಣ್ಣೆ ಬಿಳಿ ಬರುವುದಾ? ಅದು ಹೋದ ಮಳೆಗಾಲದಿಂದಲೇ ಹಾಗೆ. ಓಡುತ್ತಿತ್ತಲ್ಲ" ಅಂದರು. ಕಮ್ಮಿಯಾದಾಗೆಲ್ಲ ಮೇಲಿನ ತೂತಿನಿಂದ ಎಣ್ಣೆ ಸುರಿಯುತ್ತಿದ್ದರಂತೆ. ನಾನು ಬಂಡೆಗೆ ಬೈದದ್ದೇ ಬೈದದ್ದು, ಪಾಪ ಬಂಡೆ.

ಮಲ್ಪೆ_ಸ್ಪ್ಯಾನರ್ · ಏಪ್ರಿಲ್ 27

ಇದೇ ನೋಡಿ, ನಾನು ಹೇಳಿದ್ದು. ಬಂಡೆ ಹೊಡೆಯದೇ ಇದ್ದಿದ್ದರೆ ನೀವು ಬಿಚ್ಚುತ್ತಲೇ ಇರಲಿಲ್ಲ, ಜುಲೈಯಲ್ಲಿ ಸಮುದ್ರದ ಮಧ್ಯೆ ಗೇರ್ ಜಾಮ್ ಆಗುತ್ತಿತ್ತು.

ಮೇಲಿನಿಂದ ಎಣ್ಣೆ ಸುರಿಯುವ ಅಭ್ಯಾಸ ನಮ್ಮ ಕರಾವಳಿಯಲ್ಲಿ ತುಂಬಾ ಜನಕ್ಕೆ ಇದೆ. ಮೇಲಿಂದ ಹಾಕಿದರೆ ಒಳಗಿನ ಗಾಳಿ ಹೊರಗೆ ಬರಲು ಜಾಗ ಇಲ್ಲ, ತುಂಬಿತು ಅಂತ ಕಾಣುತ್ತೆ, ನಿಜವಾಗಿ ಅರ್ಧ ಖಾಲಿ. ಯಾವಾಗಲೂ ಕೆಳಗಿನ ತೂತಿನಿಂದ ಒತ್ತಿ ಹಾಕಬೇಕು, ಮೇಲಿನ ತೂತಲ್ಲಿ ಗುಳ್ಳೆ ಇಲ್ಲದೆ ಎಣ್ಣೆ ಬರುವವರೆಗೆ. ಆಮೇಲೆ ಮೊದಲು ಮೇಲಿನ ಸ್ಕ್ರೂ ಹಾಕಿ, ನಂತರ ಕೆಳಗಿನದು. ಉಲ್ಟಾ ಮಾಡಿದರೆ ಎಣ್ಣೆ ನಿಮ್ಮ ಕಾಲ ಮೇಲೆ.

ಈಗ ಪೂರ್ತಿ ಬಿಚ್ಚಿ. ಬಿಚ್ಚುವ ಪ್ರತಿ ಹಂತಕ್ಕೂ ಫೋನಲ್ಲಿ ಫೋಟೊ ತೆಗೆಯಿರಿ, ಮುಖ್ಯವಾಗಿ ಸೀಲ್ ಯಾವ ಕಡೆ ಮುಖ ಮಾಡಿದೆ ಅಂತ. ಫ್ಯಾನ್ ಶಾಫ್ಟಿಗೆ ಎರಡು ಸೀಲ್ ಇರುತ್ತೆ. ತೆಗೆದ ಮೇಲೆ ಯಾವುದು ಹೇಗಿತ್ತು ಅಂತ ನೆನಪಿರುವುದಿಲ್ಲ. ಗೇರ್ ಹಿಂದೆ ತೆಳು ಶಿಮ್ ವಾಶರುಗಳು ಸಿಗುತ್ತವೆ, ಅವನ್ನು ಕಸ ಅಂತ ಬಿಸಾಡಬೇಡಿ. ಗೇರಿನ ಹಲ್ಲುಗಳ ಮಧ್ಯದ ಸಂದು ಎಷ್ಟಿರಬೇಕು ಅಂತ ನಿರ್ಧಾರ ಮಾಡುವುದು ಅವೇ. ಅದೇ ಕೇಸು ಅದೇ ಗೇರು ವಾಪಸ್ ಹಾಕುವುದಾದರೆ ಅದೇ ಶಿಮ್ ಅದೇ ಜಾಗಕ್ಕೆ. ಕೇಸು ಬದಲಿಸಿದರೆ, ಗೇರು ಬದಲಿಸಿದರೆ ಹೊಸದಾಗಿ ಅಳತೆ ಮಾಡಬೇಕು, ಆಗ ಯಾರಾದರೂ ತಿಳಿದವರ ಹತ್ತಿರ ಹೋಗಿ. ಡ್ರೈವ್ ಶಾಫ್ಟಿನ ತುದಿಯ ಸಣ್ಣ ಗೇರಿನ ನಟ್ (ಪಿನಿಯನ್ ನಟ್) ಒಮ್ಮೆ ಬಿಚ್ಚಿದರೆ ಹೊಸದೇ ಹಾಕಿ.

ಮಧ್ಯದ ಕ್ಲಚ್ ಡಾಗ್, ಅಂದ್ರೆ ಗೇರನ್ನು ಹಿಡಿಯುವ ತುಂಡು ನೋಡಿ. ಅದರ ಕಿವಿಗಳ ಮೂಲೆ ಚೂಪಾಗಿ ಇರಬೇಕು. ಉರುಟಾಗಿದ್ದರೆ ಜೋರು ಕೊಟ್ಟಾಗ ಗೇರ್ ಕಳಚುತ್ತೆ. ತುಂಬಾ ಜನ ಪಾಪ, ಗೇರಿಗೆ ನೋವಾಗುತ್ತೆ ಅನ್ನುವ ಹಾಗೆ ನಿಧಾನಕ್ಕೆ ಹಾಕುತ್ತಾರೆ, ಕಟಕಟ ಕಟಕಟ. ಆ ಕಟಕಟವೇ ಕಿವಿ ತಿನ್ನುವುದು. ರೇಸ್ ಪೂರ್ತಿ ಇಳಿಸಿ ಟಕ್ ಅಂತ ಒಂದೇ ಸಲ ಹಾಕಬೇಕು.

ಅಳಿವೆಬಾಗಿಲು · ಏಪ್ರಿಲ್ 28

ಅಪ್ಪ ಹಾಕುವುದು ಕಟಕಟ ಕಟಕಟ ರೀತಿಯೇ. ಆದರೂ ಕಿವಿ ಪರವಾಗಿಲ್ಲ, ಒಂದು ಕಡೆ ಮಾತ್ರ ಸ್ವಲ್ಪ ಹೊಳಪಾಗಿದೆ. ಗೇರ್ ಹಲ್ಲುಗಳು ಚೆನ್ನಾಗಿವೆ. ಹಿಂದಿನ ಬೇರಿಂಗ್ ಹೋಗಿದೆ. ಸೀಲುಗಳು ಇಲ್ಲಿ ಬೇರಿಂಗ್ ಅಂಗಡಿಯಲ್ಲೇ ಸಿಗುತ್ತಾ ಅಥವಾ ಕಂಪನಿಯದ್ದೇ ಬೇಕಾ?

ಕಾಂಡ್ಲಾ_ಅಕ್ಕ · ಏಪ್ರಿಲ್ 28

ನಾವು ಹೊನ್ನಾವರದಲ್ಲಿ ಶರಾವತಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಹತ್ತಿರ ಪ್ರವಾಸಿಗರಿಗೆ ದೋಣಿ ಬಿಡುತ್ತೇವೆ, ನಾಲ್ಕು ಎಂಜಿನ್ ಇದೆ, ಲೆಕ್ಕ ಬರೆಯುವವಳು ನಾನೇ. ಅದಕ್ಕೇ ಹೇಳುತ್ತೇನೆ ತಮ್ಮಾ, ಸೀಲಲ್ಲಿ ದುಡ್ಡು ಉಳಿಸಬೇಡ. ಸೀಲಿನ ಮೇಲೆ ಒಳ ಅಳತೆ, ಹೊರ ಅಳತೆ, ದಪ್ಪ ಅಂತ ಮೂರು ನಂಬರ್ ಇರುತ್ತೆ, ಅದನ್ನು ತೋರಿಸಿದರೆ ಅಂಗಡಿಯವರು ಅದೇ ಅಳತೆಯದ್ದು ಕೊಡುತ್ತಾರೆ. ಅಳತೆ ಸರಿ, ಆದರೆ ಸೀಲಿನ ಒಳಗೆ ಒಂದು ಸಣ್ಣ ಸ್ಪ್ರಿಂಗ್ ಬಳೆ ಇರುತ್ತಲ್ಲ, ಅದು ಸಾದಾ ಸ್ಟೀಲಾದರೆ ಉಪ್ಪು ನೀರಿಗೆ ತುಕ್ಕು ಹಿಡಿದು ತುಂಡಾಗುತ್ತೆ. ಸ್ಟೇನ್‌ಲೆಸ್ ಸ್ಪ್ರಿಂಗಿನದ್ದೇ ಬೇಕು. ನಮಗೆ ಒಬ್ಬರು ಒರಿಜಿನಲ್ ಅಂತ ಪ್ಯಾಕೆಟಲ್ಲಿ ಕೊಟ್ಟಿದ್ದು ಎರಡೇ ತಿಂಗಳಲ್ಲಿ ಹೋಯ್ತು. ಈಗ ತಂದ ಕೂಡಲೇ ಅಯಸ್ಕಾಂತ ಹಿಡಿದು ನೋಡುತ್ತೇನೆ, ಸ್ಪ್ರಿಂಗ್ ಗಟ್ಟಿಯಾಗಿ ಎಳೆದರೆ ವಾಪಸ್.

ಇನ್ನೊಂದು, ಶಾಫ್ಟ್ ಮೇಲೆ ಹಳೆ ಸೀಲ್ ಕೂತ ಜಾಗದಲ್ಲಿ ಉಗುರು ಎಳೆದು ನೋಡು. ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಇದ್ದರೆ ಹೊಸ ಸೀಲೂ ಅದೇ ಗೆರೆಯಲ್ಲಿ ಕೂತು ಸೋರುತ್ತೆ. ಜಾಗ ಇದ್ದರೆ ಸೀಲನ್ನು ಒಂದು ಮಿಲಿಮೀಟರಿನಷ್ಟು ಆಚೆ ಈಚೆ ಕೂರಿಸಬಹುದು, ಇಲ್ಲವಾದರೆ ತೆಳು ತೋಳಿನ ಹಾಗೆ ಸ್ಟೀಲ್ ಸ್ಲೀವ್ ಬರುತ್ತೆ, ಅದನ್ನು ಶಾಫ್ಟಿಗೆ ಹಾಕಬೇಕು.

ತಲೆಹರಟೆ_ಕುಂದಾಪ್ರ · ಏಪ್ರಿಲ್ 28

ಎರಡು ಉಂಡೆ ಕಲಸಿ ಹಚ್ಚುವ ಅಂಟು ಬರುತ್ತಲ್ಲ, ಟ್ಯಾಂಕಿಗೆ ಹಚ್ಚುವುದು. ವೆಲ್ಡಿಂಗ್ ಬದಲು ಅದನ್ನೇ ಮೆತ್ತಿದರೆ ಆಗದಾ? ನಿಜವಾಗಿ ಕೇಳ್ತಿದ್ದೇನೆ, ತಮಾಷೆ ಅಲ್ಲ.

ಅರ್ಗಾನ್_ಕಾರವಾರ · ಏಪ್ರಿಲ್ 28

ಪ್ರಶ್ನೆ ಚೆನ್ನಾಗಿದೆ, ಸುಮ್ನೆ ನಗುವಂಥದ್ದಲ್ಲ. ಓ-ರಿಂಗ್ ಕೂರುವ ಮುಖದಲ್ಲಿ ಉಪ್ಪು ತಿಂದ ಸಣ್ಣ ಗುಳಿ ಇದ್ದರೆ ಒಳ್ಳೆ ಎಪಾಕ್ಸಿ ತುಂಬಿ ಉಜ್ಜಿ ಸಮ ಮಾಡಬಹುದು, ನಾವೂ ಮಾಡುತ್ತೇವೆ. ಆದರೆ ಲೋಹ ಹೊಳೆಯುವವರೆಗೆ ಕೆರೆದು ಎಣ್ಣೆ ಪಸೆ ಪೂರ್ತಿ ತೆಗೆದಿರಬೇಕು. ಸೀಳಿಗೆ ಆಗುವುದಿಲ್ಲ. ಓಡುವಾಗ ಕೇಸ್ ಬಿಸಿಯಾಗಿ ಹಿಗ್ಗುತ್ತೆ, ನಿಂತಾಗ ತಣ್ಣಗಾಗಿ ಕುಗ್ಗುತ್ತೆ, ಅಂಟು ಬೇರೆ ರೀತಿ ಹಿಗ್ಗುತ್ತೆ, ಕೊನೆಗೆ ಅಂಚು ಬಿಡುತ್ತೆ. ಮುರಿದ ಸ್ಕೆಗ್ ಅಂತೂ ಅಂಟಲ್ಲಿ ನಿಲ್ಲುವ ಮಾತೇ ಇಲ್ಲ.

ಆಮೇಲೆ ಅಂಟು ಮೆತ್ತಿದ ಕೇಸ್ ವೆಲ್ಡಿಂಗಿಗೆ ತಂದರೆ ನಮಗೆ ನರಕ. ಸುಟ್ಟು ಹೊಗೆ ಎದ್ದು ಲೋಹದೊಳಗೆಲ್ಲ ಗುಳ್ಳೆ. ಮೊದಲೇ ಎಣ್ಣೆ ಮತ್ತು ಉಪ್ಪು ಕುಡಿದ ಎರಕದ ಅಲ್ಯುಮಿನಿಯಂ, ಅದರ ಮೇಲೆ ಇದೊಂದು.

ಅಳಿವೆಬಾಗಿಲು · ಮೇ 5

ಸೀಲು, ಬೇರಿಂಗ್, ಓ-ರಿಂಗ್ ಎಲ್ಲ ಹೊಸದು ಹಾಕಿದೆ. ವೆಲ್ಡಿಂಗಿಗೆ ಕೊಡುವ ಮೊದಲು ಗಾಳಿ ಹಾಕಿ ಪರೀಕ್ಷೆ ಮಾಡೋಣ ಅಂತ ಮಲ್ಪೆ ಅಣ್ಣ ಫೋನಲ್ಲಿ ಹೇಳಿದ್ದರು. ಮೇಲಿನ ಸ್ಕ್ರೂ ಜಾಗಕ್ಕೆ ಒಂದು ಹಿತ್ತಾಳೆ ನಿಪ್ಪಲ್, ಅದಕ್ಕೆ ಟ್ಯೂಬು, ಮಧ್ಯೆ ಒಂದು ಮೀಟರ್, ಕೊನೆಗೆ ಸೈಕಲ್ ಪಂಪು. 10 ಪಿಎಸ್‌ಐ ಹಾಕಿದೆ. ಐದು ನಿಮಿಷದಲ್ಲಿ 4ಕ್ಕೆ ಇಳಿಯಿತು.

ಬಟ್ಟೆ ಒಗೆಯುವ ಟಬ್ಬಲ್ಲಿ ಮುಳುಗಿಸಿದೆ, ಅಮ್ಮ ನೋಡುತ್ತಿದ್ದರು, ಆಮೇಲೆ ಆ ಟಬ್ ನನಗೇ ಕೊಟ್ಟರು. ಸೀಲ್ ಕಡೆ ಒಂದೂ ಗುಳ್ಳೆ ಇಲ್ಲ. ಸ್ಕೆಗ್ ಮುರಿದ ಬುಡದಲ್ಲಿ ಸಣ್ಣಗೆ, ದಾರದ ಹಾಗೆ ಗುಳ್ಳೆ ಸಾಲು ಬರುತ್ತಿದೆ. ಕಣ್ಣಿಗೆ ಅಲ್ಲಿ ಏನೂ ಕಾಣುತ್ತಿಲ್ಲ!

ಮಲ್ಪೆ_ಸ್ಪ್ಯಾನರ್ · ಮೇ 5

ಬಂಡೆಯೂ ತನ್ನ ಪಾಲಿನ ಕೆಲಸ ಮಾಡಿದೆ ನೋಡಿ.

ಗಾಳಿ 10ರಿಂದ 12ಕ್ಕಿಂತ ಮೇಲೆ ಹಾಕಬೇಡಿ, ಜಾಸ್ತಿ ಒತ್ತಿದರೆ ಸೀಲೇ ಹೊರಗೆ ಹಾರುತ್ತೆ. ಪರೀಕ್ಷೆ ಮಾಡುವಾಗ ಶಾಫ್ಟ್ ಎರಡನ್ನೂ ತಿರುಗಿಸಿ, ಗೇರ್ ಕಡ್ಡಿ ಅಲ್ಲಾಡಿಸಿ, ನಿಂತಾಗ ಸೋರದ ಸೀಲ್ ತಿರುಗುವಾಗ ಸೋರುವುದುಂಟು.

ಸೀಳು ಎಲ್ಲಿಂದ ಎಲ್ಲಿಗೆ ಅಂತ ತಿಳಿಯಲು ಹಳೆ ಉಪಾಯ ಹೇಳುತ್ತೇನೆ. ಮತ್ತೆ ಎಲ್ಲ ಬಿಚ್ಚಿ, ಕೇಸ್ ತೊಳೆದು ಒಣಗಿಸಿ. ಹೊರಗಡೆ ಸ್ಕೆಗ್ ಬುಡದ ಸುತ್ತ ಪೇಂಟ್ ಕೆರೆದು ಸುಣ್ಣದ ನೀರು ತೆಳುವಾಗಿ ಬಳಿದು ಒಣಗಲು ಬಿಡಿ, ಬ್ಲಾಕ್‌ಬೋರ್ಡ್ ಚಾಕ್ ಪುಡಿ ಆದರೂ ಸರಿ. ಒಳಗಡೆ ಸೀಮೆಎಣ್ಣೆ ಹಚ್ಚಿ ಒಂದರ್ಧ ಗಂಟೆ ಕಾಯಿರಿ. ಸೀಮೆಎಣ್ಣೆಗೆ ಎಂಥ ಸಣ್ಣ ಸಂದಿಯಲ್ಲೂ ನುಸುಳುವ ಗುಣ. ಸೀಳು ಇರುವಷ್ಟು ಉದ್ದಕ್ಕೆ ಸುಣ್ಣದ ಮೇಲೆ ಒದ್ದೆ ಗೆರೆ ಮೂಡುತ್ತೆ. ನಿಮ್ಮ ಮನೆಯಲ್ಲಿ ಸೀಮೆಎಣ್ಣೆಗೆ ಬರ ಇಲ್ಲವಲ್ಲ, ದೋಣಿಗೆ ಸೀಮೆಎಣ್ಣೆ ಪರ್ಮಿಟ್ ಇದೆ.

ಅಳಿವೆಬಾಗಿಲು · ಮೇ 6

ಬಂತು! ಗಡಿಯಾರ ನೋಡಿಕೊಂಡು ಕೂತಿದ್ದೆ, ಹತ್ತೇ ನಿಮಿಷಕ್ಕೆ ಬಂತು. ಸ್ಕೆಗ್ ಬುಡದಿಂದ ಹಿಂದಕ್ಕೆ ಸುಮಾರು ಎರಡು ಇಂಚು, ಕೂದಲೆಳೆ. ಅಪ್ಪ ಅದನ್ನು ನೋಡಿ ಪಕ್ಕದ ಮನೆಯವರನ್ನೆಲ್ಲ ಕರೆದು ತೋರಿಸಿದರು.

ಅರ್ಗಾನ್_ಕಾರವಾರ · ಮೇ 6

ಈಗ ವೆಲ್ಡಿಂಗ್ ಮಾತು. ಉದ್ದ ಬರೆಯುತ್ತೇನೆ, ಯಾಕಂದ್ರೆ ಕೇಸುಗಳು ಜಾಸ್ತಿ ಹಾಳಾಗುವುದು ಬಂಡೆಯಿಂದಲ್ಲ, ವೆಲ್ಡರುಗಳಿಂದ. ನಾನೂ ಒಂದು ಹಾಳು ಮಾಡಿದ್ದೇನೆ.

ಅಲ್ಯುಮಿನಿಯಂ ಕೆಂಪಗೆ ಕಾಯುವುದಿಲ್ಲ. ಕಬ್ಬಿಣ ಆದರೆ ಬಣ್ಣ ನೋಡಿ ಗೊತ್ತಾಗುತ್ತೆ, ಇದು 660 ಡಿಗ್ರಿ ಆಸುಪಾಸು ಹಾಗೇ ಬೆಳ್ಳಗೆ ಇದ್ದು ಥಟ್ಟನೆ ಕುಸಿಯುತ್ತೆ, ಎರಕದ್ದು ಇನ್ನೂ ಸ್ವಲ್ಪ ಮೊದಲೇ. ಗ್ಯಾಸಲ್ಲಿ ಮಾಡುತ್ತೇನೆ ಅನ್ನುವವರ ಹತ್ತಿರ ಕೊಡಬೇಡಿ. ಎಸಿ ಟಿಗ್ (ಕರೆಂಟಿನ ವೆಲ್ಡಿಂಗ್ ಮಷೀನು), ಅರ್ಗಾನ್ ಗ್ಯಾಸ್, 4043 ನಂಬರಿನ ಅಲ್ಯುಮಿನಿಯಂ ಕಡ್ಡಿ, ಇಷ್ಟು ಇದೆಯಾ ಅಂತ ಕೇಳಿ.

ಸೀಲು, ಬೇರಿಂಗು, ಓ-ರಿಂಗು ಒಂದೂ ಒಳಗೆ ಇರಬಾರದು. ನೀವು ಹೊಸದಾಗಿ ಹಾಕಿದ್ದನ್ನೂ ತೆಗೆಯಲೇಬೇಕು. ಹೊರಗೆ ಬಾರದ ಸೀಲ್ ಇದ್ದರೆ ಅದು ಸುಟ್ಟಿತು ಅಂತಲೇ ತಿಳಿದು ಇನ್ನೊಂದು ತಂದಿಡಿ. ಕೇಸನ್ನು ಥಿನ್ನರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ನಿಧಾನಕ್ಕೆ ಬಿಸಿ ಮಾಡಿದರೆ ಲೋಹದ ಒಳಗಿನ ಎಣ್ಣೆ ಬೆವರಿನ ಹಾಗೆ ಹೊರಗೆ ಬರುತ್ತೆ. ಒರೆಸಿ, ಮತ್ತೆ ಬಿಸಿ ಮಾಡಿ. ಥಿನ್ನರ್ ವಾಸನೆ ಇರುವಾಗ ಬೆಂಕಿ ಹತ್ತಿರ ತರಬೇಡಿ, ಇದನ್ನು ಹೇಳಬೇಕಾಗಿಲ್ಲ, ಆದರೂ ಹೇಳುತ್ತಿದ್ದೇನೆ.

ಸೀಳಿನ ಎರಡು ತುದಿಗೂ ಸಣ್ಣ ತೂತು ಹಾಕಬೇಕು, ಇಲ್ಲವಾದರೆ ಬಿಸಿಗೆ ಮುಂದಕ್ಕೆ ಓಡುತ್ತೆ. ಸೀಳನ್ನು ಇಂಗ್ಲಿಷ್ ವಿ ಅಕ್ಷರದ ಹಾಗೆ ಕೆತ್ತಬೇಕು. ಅಲ್ಯುಮಿನಿಯಂಗೆ ಅಂತಲೇ ಬೇರೆ ಸ್ಟೇನ್‌ಲೆಸ್ ಬ್ರಷ್ ಇಡಬೇಕು, ಕಬ್ಬಿಣ ಉಜ್ಜಿದ ಬ್ರಷ್ ಮುಟ್ಟಿಸಬಾರದು. ಸ್ಕೆಗ್ಗಿಗೆ ಅದೇ ದಪ್ಪದ 5052 ನಂಬರಿನ ಅಲ್ಯುಮಿನಿಯಂ ತಗಡು. ಆಕಾರಕ್ಕೆ ಊರಲ್ಲಿ ಅದೇ ಎಂಜಿನ್ ಇರುವ ಇನ್ನೊಬ್ಬರ ಸ್ಕೆಗ್ ಮೇಲೆ ರಟ್ಟು ಇಟ್ಟು ಪೆನ್ಸಿಲಲ್ಲಿ ಎಳೆದುಕೊಂಡು ಬನ್ನಿ, ಅಂದಾಜಲ್ಲಿ ಕತ್ತರಿಸಿದರೆ ದೋಣಿ ಒಂದು ಕಡೆಗೆ ಎಳೆಯುತ್ತೆ. ಆ ಕಡೆ ಒಂದಿಂಚು, ಈ ಕಡೆ ಒಂದಿಂಚು, ಮಧ್ಯೆ ತಣಿಯಲು ಬಿಡುತ್ತಾ ಹಾಕಬೇಕು. ನಾನು ಹಾಳು ಮಾಡಿದ್ದು ಇಲ್ಲೇ. ಊಟದ ಹೊತ್ತಾಯ್ತು ಅಂತ ಒಂದೇ ಎಳೆತಕ್ಕೆ ಎಳೆದೆ, ಬೇರಿಂಗ್ ಕೂರುವ ಗುಂಡಿ ಮೊಟ್ಟೆಯಾಕಾರ ಆಯ್ತು. ಹೊರಗಿಂದ ನೋಡಲು ಮಾತ್ರ ಭಾರಿ ಚೆಂದ.

ಹತ್ತುಸಾವಿರಕೆರೆ · ಮೇ 7

ಇದಕ್ಕೆ ಒಂದು ಸೇರಿಸುತ್ತೇನೆ. ವೆಲ್ಡಿಂಗ್ ಆದ ಮೇಲೆ ಬೇರಿಂಗ್ ಕ್ಯಾಪನ್ನು ಓ-ರಿಂಗ್ ಇಲ್ಲದೆ ಕೈಯಲ್ಲೇ ಕೂರಿಸಿ ನೋಡಿ. ಮೊದಲಿನ ಹಾಗೆ ನಯವಾಗಿ ಹೋದರೆ ಗುಂಡಿ ಸರಿ ಇದೆ.

ಇಲ್ಲಿ ನಮಗೆ ಒಂದು ಅನುಕೂಲ, ಇಲ್ಲಿನ ಎವಿನ್‌ರೂಡ್ ಅನ್ನುವ ಔಟ್‌ಬೋರ್ಡ್ ಎಂಜಿನ್ ತಯಾರಿಕೆ 2020ರಲ್ಲೇ ನಿಂತರೂ ಹಳೆಯದರ ಗೇರ್‌ಕೇಸ್ ಯಾರದ್ದಾದರೂ ಶೆಡ್ಡಲ್ಲಿ ಸಿಕ್ಕೇ ಸಿಗುತ್ತೆ. ಅದಕ್ಕೇ ವೆಲ್ಡ್ ಮಾಡಿಸುವವರು ಕಮ್ಮಿ. ನೀವು ಮಾಡುತ್ತಿರುವುದು ಓದಲು ಖುಷಿ ಆಗ್ತಿದೆ.

ಅಳಿವೆಬಾಗಿಲು · ಮೇ 17

ವೆಲ್ಡಿಂಗ್ ಆಯ್ತು. ಕ್ಯಾಪ್ ನಯವಾಗಿ ಹೋಯ್ತು. ಎಲ್ಲ ಮತ್ತೆ ಜೋಡಿಸಿ ಗಾಳಿ ಹಾಕಿದರೆ ಮತ್ತೆ ಇಳಿಯುತ್ತಿದೆ. ಅಳು ಬಂತು. ಟಬ್ಬಲ್ಲಿ ಮುಳುಗಿಸಿದರೆ ಗುಳ್ಳೆ ಕೆಳಗಿನ ಸ್ಕ್ರೂವಿನಿಂದ. ಹಳೆ ವಾಶರನ್ನೇ ಹಾಕಿದ್ದೆ. ಇಷ್ಟೆಲ್ಲ ಖರ್ಚು ಮಾಡಿ, ಚಹಾದ ರೇಟಿಗೆ ಸಿಗುವ ವಾಶರ್ ಉಳಿಸಿದ್ದೆ ನೋಡಿ. ಹೊಸದು ಹಾಕಿದ ಮೇಲೆ ಮೀಟರ್ 10ರಲ್ಲೇ ನಿಂತಿದೆ, ರಾತ್ರಿ ಪೂರ್ತಿ.

ಕಾಂಡ್ಲಾ_ಅಕ್ಕ · ಮೇ 17

ಪೇಂಟ್ ಮಾಡುವಾಗ ಹುಷಾರು ತಮ್ಮಾ. ಮೊದಲು ಅಲ್ಯುಮಿನಿಯಂಗೆ ಹಿಡಿಯುವ ಎಪಾಕ್ಸಿ ಪ್ರೈಮರ್, ಆಮೇಲೆ ಬಣ್ಣ. ಮರದ ದೋಣಿ ತಳಕ್ಕೆ ಹಚ್ಚುವ ತಾಮ್ರ ಇರುವ ಬಣ್ಣ ಉಳಿದಿದೆ ಅಂತ ಅದನ್ನೇ ಬಳಿಯಬೇಡ, ತಾಮ್ರ ಮತ್ತು ಅಲ್ಯುಮಿನಿಯಂ ಉಪ್ಪು ನೀರಲ್ಲಿ ಸೇರಿದರೆ ಕೇಸೇ ತೂತಾಗುತ್ತೆ. ಫ್ಯಾನಿನ ಮೇಲ್ಗಡೆ ಇರುವ ಸತುವಿನ ತುಂಡಿಗೆ ಬಣ್ಣ ತಾಗಿಸಲೇಬೇಡ. ಕೇಸಿನ ಬದಲು ತಾನು ಕರಗಲಿ ಅಂತಲೇ ಅದನ್ನು ಇಟ್ಟಿರುವುದು. ನಮ್ಮ ಹುಡುಗ ಒಬ್ಬ ಚೆಂದ ಕಾಣಲಿ ಅಂತ ನಾಲ್ಕು ಎಂಜಿನ್ನಿನದ್ದಕ್ಕೂ ನೀಟಾಗಿ ಬಳಿದಿದ್ದ. ಅರ್ಧ ಕರಗಿದ್ದರೆ ಬದಲಿಸಿಬಿಡು.

ಮಲ್ಪೆ_ಸ್ಪ್ಯಾನರ್ · ಮೇ 17

ಮತ್ತೆ ಮೇಲಕ್ಕೆ ಕೂರಿಸುವ ಮೊದಲು ವಾಟರ್ ಪಂಪಿನ ಇಂಪೆಲ್ಲರ್ (ನೀರು ತಳ್ಳುವ ರಬ್ಬರ್ ಚಕ್ರ) ಬದಲಿಸಿ, ಹೇಗೂ ಬಿಚ್ಚಿದ್ದೀರಿ. ಶಾಫ್ಟನ್ನು ಪ್ರದಕ್ಷಿಣೆಯ ಹಾಗೆ ಬಲಕ್ಕೆ ತಿರುಗಿಸುತ್ತಾ ಕೂರಿಸಿ, ರಬ್ಬರ್ ಎಲೆಗಳು ಸರಿಯಾದ ಕಡೆಗೆ ಬಾಗುತ್ತವೆ. ಆಮೇಲೆ ಉಲ್ಟಾ ತಿರುಗಿಸಬೇಡಿ. ಡ್ರೈವ್ ಶಾಫ್ಟಿನ ಹಲ್ಲುಗಳಿಗೆ ಗ್ರೀಸ್ ಹಚ್ಚಿ, ತುದಿಯ ಮೇಲೆ ಮಾತ್ರ ಬೇಡ, ಅಲ್ಲಿ ಗ್ರೀಸ್ ತುಂಬಿದರೆ ಶಾಫ್ಟ್ ಪೂರ್ತಿ ಒಳಗೆ ಹೋಗದೆ ನಿಲ್ಲುತ್ತೆ. ಬೋಲ್ಟುಗಳಿಗೂ ಮರೈನ್ ಗ್ರೀಸ್, ಮುಂದಿನ ಸಲ ನಟ್ ವೆಲ್ಡ್ ಮಾಡಿಸುವ ಕೆಲಸ ತಪ್ಪುತ್ತೆ.

ಅಳಿವೆಬಾಗಿಲು · ಮೇ 24

ಡ್ರಮ್ಮಲ್ಲಿ ಸಿಹಿನೀರು ತುಂಬಿ ಸ್ಟಾರ್ಟ್ ಮಾಡಿದೆ. ಎಂಜಿನ್ ಪರ್ಫೆಕ್ಟ್, ಆದರೆ ಹಿಂದಿನಿಂದ ಎಂಜಿನ್ ತಣಿಸುವ ನೀರಿನ ಪಿಚಕಾರಿ ಬರಲಿಲ್ಲ. ಅರ್ಧ ನಿಮಿಷಕ್ಕೆ ನಿಲ್ಲಿಸಿದೆ.

ಮಲ್ಪೆ_ಸ್ಪ್ಯಾನರ್ · ಮೇ 24

ನಿಲ್ಲಿಸಿದ್ದು ಒಳ್ಳೆಯದಾಯ್ತು. ನೀರಿನ ಪೈಪು ಪಂಪಿನ ರಬ್ಬರ್ ಒಳಗೆ ಕೂತಿಲ್ಲ, ಪಕ್ಕಕ್ಕೆ ಜಾರಿದೆ, ಹತ್ತರಲ್ಲಿ ಎಂಟು ಸಲ ಅದೇ. ಇಳಿಸಿ, ಟಾರ್ಚ್ ಹಾಕಿ ನೋಡಿಕೊಂಡು ಕೂರಿಸಿ.

ಅಳಿವೆಬಾಗಿಲು · ಮೇ 24

ಅದೇ ಆಗಿತ್ತು ಅಣ್ಣ. ಈಗ ಜೋರು ಬರುತ್ತಿದೆ, ಅಂಗಳ ಪೂರ್ತಿ ಒದ್ದೆ.

ಅಳಿವೆಬಾಗಿಲು · ಜೂನ್ 21

ಅಪ್ಡೇಟ್ ಕೊಡದೆ ಓಡಿಹೋದ ಅಂದುಕೊಳ್ಳಬೇಡಿ. ಮಡಚಿದ ಫ್ಯಾನ್ ಬಡಿದು ಸರಿ ಮಾಡುವುದು ಬೇಡ, ಬುಡದಲ್ಲಿ ಸೀಳುತ್ತೆ ಅಂತ ಅರ್ಗಾನ್ ಅಣ್ಣ ಮೆಸೇಜ್ ಮಾಡಿದ್ದರು, ಅದಕ್ಕೆ ಬೇರೆಯದೇ ಹಾಕಿದೆವು. ಹಬ್ ಜಾರಿದ್ದೂ ಗುರುತು ಹಾಕಿದಾಗ ಗೊತ್ತಾಗಿತ್ತು, ಎರಡೂ ಒಟ್ಟಿಗೆ ಮುಗಿಯಿತು. ಮೊದಲ ಹತ್ತು ಗಂಟೆ ಓಡಿದ ಮೇಲೆ ಎಣ್ಣೆ ತೆಗೆದು ಗಾಜಿನ ಬಾಟಲಿಯಲ್ಲಿ ಒಂದು ರಾತ್ರಿ ಇಟ್ಟೆ. ಜೇನುತುಪ್ಪದ ಬಣ್ಣ, ತಳದಲ್ಲಿ ಒಂದು ಹನಿ ನೀರಿಲ್ಲ. ಅಪ್ಪ ಈಗ ವಾರಕ್ಕೊಮ್ಮೆ ಫ್ಯಾನ್ ತೆಗೆದು ಹಿಂದೆ ದಾರ ಇದೆಯಾ ಅಂತ ನೋಡುತ್ತಾರೆ, ಗೇರ್ ಮಾತ್ರ ಇನ್ನೂ ಕಟಕಟ ಕಟಕಟ.

ತಲೆಹರಟೆ_ಕುಂದಾಪ್ರ · ಜೂನ್ 21

ಒಟ್ಟು ಎಷ್ಟಾಯ್ತು ಹೇಳಿ. ಹೊಸದು ತಗೊಳ್ಳಿ ಅಂದವನು ನಾನು, ನನಗೂ ಗೊತ್ತಾಗಲಿ.

ಅಳಿವೆಬಾಗಿಲು · ಜೂನ್ 21

ಹೊಸ ಎಂಜಿನ್ನಿನ ಲೆಕ್ಕದಲ್ಲಿ ಏನೂ ಅಲ್ಲ. ಜಾಸ್ತಿ ಹೋದದ್ದು ಬೆಂಗಳೂರು ಬಸ್ಸಿಗೆ.

ಮಲ್ಪೆ_ಸ್ಪ್ಯಾನರ್ · ಜೂನ್ 21

ಆ ಹಳೆ ವಾಶರ್ ಬಿಸಾಡಿದ್ದೀರಿ ತಾನೇ?

ಅಳಿವೆಬಾಗಿಲು · ಜೂನ್ 21

ನಾನು ಬಿಸಾಡಿದೆ. ಅಪ್ಪ ಹೆಕ್ಕಿ ತೊಳೆದು ಡಬ್ಬದಲ್ಲಿ ಇಟ್ಟಿದ್ದಾರೆ, ಬೇಕಾಗಬಹುದು ಅಂತ.